ಧೂಮ್ರೆಯ ಕೆಮ್ಮು

ಎಳೆಯರೇ, ಹೊಳೆಯ ತಿರುವಿನ ಅಡವಿಯೊಂದರಲ್ಲಿ ಮುಗಿಲು ಮುಟ್ಟುವಂತಹ ಮತ್ತಿಯ ಮರವಿತ್ತು. ಮರದ ಮೇಲೆ ಕರಿಮೋರೆಯ ಕೋತಿಗಳಾದ ಮುಸುವಗಳ ಹಿಂಡು, ನೆರಳಿನಲ್ಲಿ ಜಿಂಕೆಗಳ ಹಿಂಡು, ನೆರೆಹೊರೆಯಾಗಿ ಬಾಳುತ್ತಿದ್ದವು. ಚಿರತೆಯ ಸುಳಿವು ಸಿಕ್ಕರೆ ಮುಸುವಗಳು ಕೆಮ್ಮುತ್ತವೆ. "ಖಕ್! ಖಕ್!" ಎಂಬ ಆ ಸದ್ದೇ ಅವುಗಳ ಭಾಷೆಯಲ್ಲಿ "ಓಡಿರಿ" ಎಂಬ ಮಾತು.

ತುದಿಗೊಂಬೆಯಲ್ಲಿ ಕುಳಿತು ಹಿಂಡನ್ನು ಕಾಯುತ್ತಿದ್ದವಳು ಧೂಮ್ರೆಯೆಂಬ ಮುದಿ ಮುಸುವ. ಹೊಸದಾಗಿ ಒಡೆಯನಾದ ಲಂಬಪುಚ್ಛನಿಗೆ ಇದು ಸರಿಬರಲಿಲ್ಲ.

"ಅಜ್ಜಿ, ನಿನಗೆ ವಯಸ್ಸಾಯಿತು. ಇನ್ನು ಕೆಳಗಿನ ಕೊಂಬೆಯಲ್ಲಿ ಕೂತುಕೋ. ಕಾವಲಿಗೆ ಎಳೆಯ ಕಣ್ಣು ಬೇಕು."

"ನನ್ನ ಕಣ್ಣು ಎಂದು ಸೋತಿತು, ಅಪ್ಪಾ? ಒಂದು ಸಲವಾದರೂ ಹೇಳು."

"ಸೋಲುವವರೆಗೆ ಕಾಯಬೇಕೇನು?" ಎಂದ ಲಂಬಪುಚ್ಛ.

ಹಿಂಡು ಘೊಳ್ಳೆಂದು ನಕ್ಕಿತು. ಕೂಸನ್ನು ಎದೆಗವುಚಿ ಕುಳಿತಿದ್ದ ಮೊಮ್ಮಗಳು ಚಪಲೆಯೂ ನಕ್ಕಳು. ಧೂಮ್ರೆಗೆ ನಾಟಿದ್ದು ಆ ಒಂದು ನಗೆ.

ಒಂದು ಮುಂಜಾನೆ ಹಿಂಡೆಲ್ಲ ನೆಲಕ್ಕಿಳಿದು, ಪಕ್ಕದ ಮರದಿಂದ ಉದುರಿದ ನೇರಳೆಹಣ್ಣು ಆಯುತ್ತಿತ್ತು. ಎಳೆಯ ಕಣ್ಣಿನ ಹೊಸ ಕಾವಲುಗಾರನೂ ಹಣ್ಣಿನಾಸೆಗೆ ಇಳಿದಿದ್ದ. ಗಾಳಿಯಿಲ್ಲದೆಯೇ ಹುಲ್ಲು ಬಾಗಿದ್ದನ್ನು ಕೆಳಗಿನ ಕೊಂಬೆಯಲ್ಲಿದ್ದ ಧೂಮ್ರೆ ಕಂಡಳು. ಹುಲ್ಲಿನ ನಡುವೆ ಎರಡು ಕಣ್ಣು ಹೊಳೆದವು.

"ಖಕ್! ಖಕ್! ಖಕ್!"

ಜಿಂಕೆಗಳು ಬಾಲವೆತ್ತಿ ಚೆಲ್ಲಾಪಿಲ್ಲಿಯಾಗಿ ಓಡಿದವು. ಒಂದು ಮುಸುವವೂ ಕದಲಲಿಲ್ಲ.

"ನೋಡಿರೋ! ಅಜ್ಜಿಗೆ ಕಫ, ಜಿಂಕೆಗಳಿಗೆ ಹುಚ್ಚು!" ಎಂದಿತು ಒಂದು.

"ಚಪಲೆ, ನಿಮ್ಮಜ್ಜಿಗೆ ಒಂದಿಷ್ಟು ಶುಂಠಿ ಅಗಿಯಲು ಕೊಡೇ" ಎಂದ ಲಂಬಪುಚ್ಛ.

ಗಂಟಲು ಹರಿಯುವಂತೆ ಧೂಮ್ರೆ ಮತ್ತೆ ಕೆಮ್ಮಿದಳು. ನಾಚಿಕೆಯಿಂದ ಮೇಲೆ ನೋಡಿದ ಚಪಲೆ, "ಸುಮ್ಮನಿರಜ್ಜಿ! ಎಲ್ಲರೂ ನಗುತ್ತಿದ್ದಾರೆ" ಎಂದಳು. ಅಷ್ಟರಲ್ಲಿ ಕೂಸು ಅವಳ ತೋಳಿನಿಂದ ಜಾರಿಕೊಂಡು ಹಣ್ಣಿನತ್ತ ನಡೆದಿತ್ತು. ಚಿರತೆ ಹಾರಿತು. ಮುಸುವಗಳು ಎದ್ದುಬಿದ್ದು ಮರವೇರಿದಾಗ ಚಪಲೆಯ ಎದೆ ಬರಿದಾಗಿತ್ತು.

ಸಂಜೆ ಹಿಂಡು ಕೂಡಿತು. ಕಾವಲು ಬಿಟ್ಟಿಳಿದವನ ಹೆಸರನ್ನು ಯಾರೂ ಎತ್ತಲಿಲ್ಲ.

"ಎಲ್ಲ ಈ ಮುಪ್ಪಿನ ಫಲ!" ಎಂದ ಲಂಬಪುಚ್ಛ. "ಅಷ್ಟು ಮೆಲ್ಲಗೆ ಕೆಮ್ಮಿದರೆ ಯಾರಿಗೆ ಕೇಳಿಸೀತು?"

"ಜಿಂಕೆಗಳಿಗೆ ಕೇಳಿಸಿತಲ್ಲ" ಎಂದಳು ಧೂಮ್ರೆ.

ಆ ಮಾತನ್ನು ಸಹಿಸಲಾರದೆ ಹಿಂಡು ಅವಳನ್ನು ಮರದಿಂದಲೇ ಹೊರಗಟ್ಟಿತು. ಚಪಲೆ ತಲೆ ತಗ್ಗಿಸಿ ಕುಳಿತಿದ್ದಳು. ಅಜ್ಜಿ ಇಳಿದು ಹೋಗುವುದನ್ನು ತಡೆಯಲಿಲ್ಲ.

ನೀತಿ: ಆಡಿದವರ ಮುಪ್ಪನ್ನು ನೋಡಿ ಮಾತನ್ನು ತಳ್ಳಿಹಾಕುವವರು ಆಪತ್ತನ್ನು ಬರಮಾಡಿಕೊಳ್ಳುತ್ತಾರೆ; ಬಂದ ಆಪತ್ತಿಗೂ ಮುಪ್ಪನ್ನೇ ದೂರುವವರು ಅದರಿಂದ ಏನನ್ನೂ ಕಲಿಯರು.