ಬೆನ್ನೋಣಿ ತವರೋಣಿಯಾದದ್ದು

ಮಲಪ್ರಭೆಯ ದಡದಿಂದ ತುಸು ಮೇಲಕ್ಕೆ, ಮುತ್ತಲಕೇರಿ ಎಂಬ ಊರಿನ ನಡುವೆ ತವರೋಣಿ ಇದೆ. ಹೊರಬದಿಯಿಂದ ಬಂದ ಹೊಸಬರು ಬೇಸ್ತು ಬೀಳುವುದು ಖಂಡಿತ. ಕೆತ್ತನೆಯ ಚೌಕಟ್ಟು, ಹಿತ್ತಾಳೆಯ ಚಿಲಕ, ನೆತ್ತಿಯ ಮೇಲೆ ಅರಳಿದ ಕಮಲ, ಹೀಗೆ ಮನೆತನದ ಘನತೆಯನ್ನೆಲ್ಲ ಹೊತ್ತು ನಿಂತ ದೊಡ್ಡ ಬಾಗಿಲುಗಳ ಮುಂದೆ ಇಲ್ಲಿಯ ಜನ ಎಮ್ಮೆ ಕಟ್ಟುತ್ತಾರೆ, ಸಗಣಿಯ ಕುಳ್ಳು ಒಟ್ಟುತ್ತಾರೆ. ಸುತ್ತು ಹಾಕಿ ಒಳಗಿನ ಓಣಿಗೆ ಹೊಕ್ಕರೆ ಕಾಣುವುದು ಬೇರೆಯೇ ಲೋಕ. ಬಾಗಿಲುಗಳು ತಗ್ಗು, ಕೆಲವಂತೂ ಒಂದಿಷ್ಟು ವಾಲಿವೆ. ಆದರೆ ಪ್ರತಿಯೊಂದರ ಎದುರಿಗೂ ನೇರಕ್ಕೆ ಇನ್ನೊಂದು ಬಾಗಿಲಿದೆ. ಎರಡೂ ಬದಿಗೆ ಕಲ್ಲಿನ ಕಟ್ಟೆ, ಸುಣ್ಣದ ಗೋಡೆಗೆ ಕೆಮ್ಮಣ್ಣಿನ ಪಟ್ಟಿ. ರಂಗೋಲಿಯನ್ನು ಇಲ್ಲಿ ಮನೆಗೊಂದರಂತೆ ಹಾಕುವುದಿಲ್ಲ. ಎದುರುಬದುರಿನ ಎರಡು ಮನೆಯವರು ಸೇರಿ ಓಣಿಯ ನಡುವೆ ಒಂದೇ ರಂಗೋಲಿ ಬಿಡಿಸುತ್ತಾರೆ. ನಾಡಿನಲ್ಲಿ ಇದಕ್ಕಿಂತ ಅಗಲವಾದ, ನೆಟ್ಟಗಿನ ಬೀದಿಗಳು ಬೇಕಾದಷ್ಟಿವೆ. ಇಷ್ಟು ಚೆಂದದ್ದು ಕಡಿಮೆ.

ಹಿಂದೆ ಒಮ್ಮೆ ಇದನ್ನು ಬೆನ್ನೋಣಿ ಎಂದು ಕರೆಯುತ್ತಿದ್ದರಂತೆ. ಅದಕ್ಕೆ ಕಾರಣ ಒಂದು ಗಿಂಡಿ ತುಪ್ಪ. ಊರು ಇನ್ನೂ ಹೊಳೆಯ ಅಂಚಿನಲ್ಲಿದ್ದ ಕಾಲದಲ್ಲಿ ಈರಸಂಗಪ್ಪನ ಮಗಳು ಹಂಪವ್ವನನ್ನು ಗುರಬಸಪ್ಪನ ಮಗನಿಗೆ ಕೊಟ್ಟು ಮದುವೆಯಾಯಿತು. ಬೀಗರ ಊಟಕ್ಕೆ ಹೋಳಿಗೆ ಮಾಡಿಸಿದ್ದರು. ತುಪ್ಪ ಬಡಿಸುವ ಪುಣ್ಯಾತ್ಮ ಪಂಕ್ತಿಯ ಆ ತುದಿಯಿಂದ ಶುರು ಮಾಡಿದ. ಗುರಬಸಪ್ಪನ ಎಲೆಗೆ ಬರುವಷ್ಟರಲ್ಲಿ ಗಿಂಡಿ ಬರಿದಾಗಿತ್ತು. ವರನ ಅಪ್ಪ ಎಲೆ ಬಿಟ್ಟು ಎದ್ದ. ಹುಡುಗಿಯ ಅಪ್ಪ, "ಎದ್ದವರು ಕೈ ತೊಳಕೊಳ್ರಿ" ಎಂದುಬಿಟ್ಟ. ಮಾತಿಗೆ ಮಾತು ಬೆಳೆದು, ತುಪ್ಪ ಸಿಕ್ಕವರೂ ಸಿಗದವರೂ ಎರಡು ಪಕ್ಷವಾಗಿ ಊರೇ ಒಡೆಯಿತು ಎನ್ನುತ್ತಾರೆ. ಮರುವರ್ಷ ಹೊಳೆ ಉಕ್ಕಿ ಊರು ಕೊಚ್ಚಿಹೋಯಿತು. ಆಗಿನ ದೇಸಾಯರು ದಿನ್ನೆಯ ಮೇಲೆ ಜಾಗ ಕೊಟ್ಟರು. ಎಲ್ಲವನ್ನೂ ಕೊಚ್ಚಿಕೊಂಡು ಹೋದ ಹೊಳೆ ಆ ಜಗಳವನ್ನು ಮಾತ್ರ ಬಿಟ್ಟು ಹೋಗಿತ್ತು. ಎರಡು ಪಕ್ಷದವರೂ ಎರಡು ಸಾಲು ಮನೆ ಕಟ್ಟಿದರು, ಒಬ್ಬರ ಮುಖ ಒಬ್ಬರು ನೋಡಬಾರದೆಂದು ಬೆನ್ನಿಗೆ ಬೆನ್ನು ಮಾಡಿ ಕಟ್ಟಿದರು. ನಡುವೆ ಉಳಿದ ಜಾಗಕ್ಕೆ ಒಂದು ಬಾಗಿಲಿಲ್ಲ, ಒಂದು ಕಿಟಕಿಯಿಲ್ಲ. ಬಚ್ಚಲ ನೀರು ಮತ್ತು ಒಲೆಯ ಬೂದಿ ಸೇರುವ ಜಾಗ ಅದು. ಬಾವಿ ಬೇರೆ, ಹೊಳೆಗೆ ಹೋಗುವ ದಾರಿಯೂ ಬೇರೆಯಾಯಿತು.

ಹಂಪವ್ವನ ದುರ್ದೈವವೋ ಸುದೈವವೋ, ಅವಳ ತವರಿನ ಹಿಂಗೋಡೆ ಬಂದದ್ದು ಅವಳ ಅಡುಗೆಮನೆಯ ಗೋಡೆಯ ಎದುರಿಗೇ. ನಸುಕಿನಲ್ಲಿ ಅವ್ವ ನಿಂಬೆವ್ವ ಬೀಸುಕಲ್ಲಿನ ಮುಂದೆ ಕೂತು ಹಾಡುವುದು ಎರಡು ಮಣ್ಣಿನ ಗೋಡೆ ದಾಟಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ರಾಗ ಮಾತ್ರ ಬರುತ್ತಿತ್ತು. ಹಂಪವ್ವ ತಾನೂ ಬೀಸಲು ಕೂತು ಅದೇ ರಾಗ ಎತ್ತುತ್ತಿದ್ದಳು. ಆಗ ಆಚೆಯ ದನಿ ಒಂದು ಗಳಿಗೆ ನಿಂತು, ಮತ್ತೆ ಇನ್ನಷ್ಟು ಗಟ್ಟಿಯಾಗಿ ಏಳುತ್ತಿತ್ತು. ತಾಯಿ ಮಗಳ ಭೇಟಿ ಅಂದರೆ ಅಷ್ಟೇ. ಕೂಗಳತೆಯಲ್ಲಿದ್ದ ತವರಿಗೆ ಅವಳು ಮದುವೆಯಾದ ಮೇಲೆ ಹೋಗಿರಲಿಲ್ಲ. ಗಂಡ ಒಳ್ಳೆಯವನೇ, ಆದರೆ ಅಪ್ಪನ ಮುಂದೆ ನಾಲಿಗೆ ಏಳುತ್ತಿರಲಿಲ್ಲ.

ಹಂಪವ್ವ ಬಸುರಿಯಾದಳು. ತಿಂಗಳು ತುಂಬುತ್ತ ಬಂದ ದಿನಗಳಲ್ಲೇ ಆಚೆಯ ಹಾಡು ನಿಂತುಹೋಯಿತು. ಹಿಟ್ಟು ಸಾಕಷ್ಟಿದ್ದೀತು ಎಂದು ಅವಳು ಸಮಾಧಾನ ಮಾಡಿಕೊಂಡಳು. ಮರುದಿನವೂ ಹಾಡಿಲ್ಲ, ಅದರ ಮರುದಿನವೂ ಇಲ್ಲ. ಬಳೆ ತೊಡಿಸಲು ಬಂದ ಬಳೆಗಾರ ಕೈ ಹಿಡಿದುಕೊಂಡೇ ಮೆಲ್ಲಗೆ ಹೇಳಿದ: "ನಿಮ್ಮವ್ವ ಹಾಸಿಗಿ ಹಿಡದಾಳ ತಂಗಿ. ನಿನ್ನ ಹೆಸರು ಬಿಟ್ಟು ಬ್ಯಾರೆ ಮಾತಿಲ್ಲ." ಹಂಪವ್ವ ಮಾವನ ಮುಂದೆ ಸೆರಗೊಡ್ಡಿ ನಿಂತಳು. ಗುರಬಸಪ್ಪ ತಲೆ ಎತ್ತದೆ, "ಆ ಬಾಗಲಕ್ಕ ನಮ್ಮ ಮನಿಯವರು ಹೋಗಂಗಿಲ್ಲ" ಎಂದ. ಮಾತು ಮುಗಿಯಿತು. ಅವಳು ಒಳಗೆ ಬಂದು ಗೋಡೆಗೆ ಕಿವಿಯಿಟ್ಟು ನಿಂತಳು. ಅವ್ವ ಕಣ್ಣು ಮುಚ್ಚುವ ಮೊದಲು ಒಮ್ಮೆ ಮುಖ ತೋರಿಸಿದರೆ ಸಾಕಿತ್ತು, ಆ ಜೀವಕ್ಕೆ ಬೇರೇನೂ ಬೇಕಿರಲಿಲ್ಲ.

ಅತ್ತೆ ಕಾಶವ್ವ ಇದನ್ನೆಲ್ಲ ನೋಡುತ್ತಲೇ ಇದ್ದಳು. ಬಾಯಿ ಜೋರಿನ ಹೆಂಗಸು. ಸೊಸೆಯ ರೊಟ್ಟಿ ದಪ್ಪವಾಯಿತೆಂದು ದಿನಾ ಬೈಯುವವಳು. ಆ ಮಧ್ಯಾಹ್ನ ಮಾತ್ರ ಏನೂ ಬೈಯದೆ ದನದ ಕೊಟ್ಟಿಗೆಗೆ ಹೋಗಿ ಹಾರೆ ತಂದಳು. "ಸರಿ ಅತ್ತಾಗ" ಎಂದು ಸೊಸೆಯನ್ನು ಪಕ್ಕಕ್ಕೆ ನೂಕಿ ಹಿಂಗೋಡೆಗೆ ಒಂದು ಏಟು ಹಾಕಿದಳು. ಸದ್ದು ಕೇಳಿ ಗುರಬಸಪ್ಪ ಓಡಿಬಂದ.

"ಏನ ನಡಸೀದಿ ಇದು?"

"ಈ ಗ್ವಾಡಿ ಮೆತ್ತಿದಾಕಿ ನಾನು. ನಾ ಮೆತ್ತಿದ್ದನ್ನ ನಾ ಕೆಡವತೀನಿ," ಎಂದಳು ಕಾಶವ್ವ, ಹಾರೆ ನಿಲ್ಲಿಸದೆ. "ಬಾಗಲಕ್ಕ ಹೋಗಬ್ಯಾಡ ಅಂದೀರಿ, ಹೋಗೂದಿಲ್ಲ. ಗ್ವಾಡಿ ಮಾತು ನೀವು ಎತ್ತಿಲ್ಲ. ನಿಮ್ಮ ತುಪ್ಪ ನೀವು ಇಟಗೊಂಡು ಕೂಡ್ರಿ. ನಾನೂ ಒಬ್ಬ ತಾಯಿ ಮಗಳು."

ಗುರಬಸಪ್ಪ ಬಂದ ಕಾಲಲ್ಲೇ ಹೊರಗೆ ಹೋದ. ಕಿಂಡಿ ಒಬ್ಬರು ನುಸುಳುವಷ್ಟಾಯಿತು. ತುಂಬಿದ ಹೊಟ್ಟೆ ಹಿಡಿದುಕೊಂಡು ಹಂಪವ್ವ ಆಚೆ ದಾಟಿ, ಬೂದಿ ಬಚ್ಚಲ ರಾಡಿಯಲ್ಲಿ ಕಾಲಿಟ್ಟು ನಿಂತಳು. ಎದುರಿಗೆ ಅಪ್ಪನ ಮನೆಯ ಗೋಡೆ. ಅದನ್ನು ಅಪ್ಪನೇ ಮುಂದೆ ನಿಂತು, ಗಂಡಿನ ಕಡೆಯವರ ಗೋಡೆಗಿಂತ ಎತ್ತರವಿರಲಿ ಎಂದು ಕಟ್ಟಿಸಿದ್ದ. ಅವಳು ಅಂಗೈಯಿಂದ ಗೋಡೆ ಬಡಿದಳು. "ಯವ್ವಾ" ಎಂದಳು. ಒಳಗೆ ಏನೂ ಸದ್ದಿಲ್ಲ. ಮತ್ತೆ ಬಡಿದು, "ಯಪ್ಪಾ, ನಾ ಹಂಪಿ" ಎಂದಳು. ಹಣೆಯನ್ನು ಗೋಡೆಗಿಟ್ಟು ಅತ್ತಳು. ಬಹಳ ಹೊತ್ತಾದ ಮೇಲೆ ಒಳಗಿನಿಂದ, ಅವಳ ಎದೆಯ ಮಟ್ಟಕ್ಕೆ, ಹಾರೆಯ ಏಟೊಂದು ಬಿತ್ತು. ಹಿಂದೆಯೇ ಈರಸಂಗಪ್ಪನ ಒಡೆದ ದನಿ ಕೇಳಿಸಿತು:

"ಬಾಜೂಕ ಸರಿ ಮಗಳ. ಮಣ್ಣು ಕಣ್ಣಾಗ ಬಿದ್ದೀತು."

ನಿಂಬೆವ್ವ ಅಂದು ಸಾಯಲಿಲ್ಲ. ಮಗಳ ಕೈಯ ಗಂಜಿ ಕುಡಿದು ಮೊಮ್ಮಗಳ ಮುಖ ನೋಡುವವರೆಗೆ ಬದುಕಿದಳು, ಆಮೇಲೂ ಒಂದಷ್ಟು ಕಾಲ ಇದ್ದಳು. ಎದ್ದು ಓಡಾಡುವಷ್ಟು ಶಕ್ತಿ ಮಾತ್ರ ಬರಲಿಲ್ಲ. ಹಾಸಿಗೆಯಿಂದಲೇ ಮಗಳು ಕಾಣಲಿ ಎಂದು ಕಿಂಡಿಗಳನ್ನು ಮುಚ್ಚದೆ ಬಾಗಿಲು ಮಾಡಿದರು. ಮಗು ಹೊಸ್ತಿಲು ದಾಟಿ ರಾಡಿಗೆ ಬಿದ್ದೀತೆಂದು ಗುರಬಸಪ್ಪ ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಅಲ್ಲಿ ಕಲ್ಲು ಹಾಸತೊಡಗಿದ. ಎದುರುಮನೆಯಿಂದ ಈರಸಂಗಪ್ಪ ಬಂದು ಕಲ್ಲಿನ ಇನ್ನೊಂದು ತುದಿ ಹಿಡಿದ. ಇಬ್ಬರೂ ಮಾತಾಡಿದ್ದು ಕೆಲಸ ಮುಗಿದ ಮೇಲೇ ಎನ್ನುತ್ತಾರೆ, ಅದೂ ಕಲ್ಲು ಸೊಟ್ಟಗೆ ಕೂತದ್ದು ಯಾರ ತಪ್ಪು ಎಂದು. ಊರಲ್ಲಿ ಯಾರಿಗೆ ತಾನೆ ಆಚೆಯ ಸಾಲಿನಲ್ಲಿ ಒಬ್ಬ ತಂಗಿಯೋ ಗೆಳತಿಯೋ ಇರಲಿಲ್ಲ? ಒಂದೊಂದೇ ಹಿಂಗೋಡೆ ತೆರೆಯಿತು. ತೆರೆದವರು ಎದುರಿನವರ ಕಣ್ಣಿಗೆ ಕೊಳಕು ಕಾಣಬಾರದೆಂದು ಗುಡಿಸಿದರು, ಸಾರಿಸಿದರು, ಸುಣ್ಣ ಬಳಿದರು. ಕೂತು ಮಾತಾಡಲು ಕಟ್ಟೆ ಕಟ್ಟಿದರು. ಮುಂಬಾಗಿಲಿನ ಕೆತ್ತನೆಯನ್ನು ನೋಡುವವರಿಲ್ಲದೆ ಅಲ್ಲಿಗೆ ಎಮ್ಮೆ ಬಂತು.

ಇಂದಿಗೂ ಪಂಚಮಿ ಹಬ್ಬಕ್ಕೆ ಹೋದವರು ಅಲ್ಲಿ ಒಂದು ನೋಟ ಕಾಣುತ್ತಾರೆ. ನಾಡಿನ ಹೆಣ್ಣುಮಕ್ಕಳೆಲ್ಲ ಅಣ್ಣನ ದಾರಿ ಕಾಯುವ ಹಬ್ಬವದು. ಈ ಓಣಿಗೆ ಸೊಸೆಯಾಗಿ ಬಂದವಳಿಗೆ ತಾಯಿ ಇಲ್ಲದಿರಬಹುದು, ಕರೆಯಲು ಅಣ್ಣ ಬಾರದಿರಬಹುದು. ಅಂಥವಳ ಎದುರುಮನೆಯ ಹಿರಿಯಳು ಬೆಳಿಗ್ಗೆಯೇ ಓಣಿ ದಾಟಿ ಬಂದು, ಕುಂಕುಮ ಹಚ್ಚಿ, ಕೈ ಹಿಡಿದು, "ನಡಿ ಮಗಳ, ತವರಿಗೆ ಹೋಗೂಣು" ಎಂದು ಕರೆದೊಯ್ಯುತ್ತಾಳೆ.