ಮಾವಿನ ಚಿಗುರಿನ ಬಣ್ಣ

"ಗುರುಗಳೇ, ಅಣ್ಣನ ಮೇಲಿನ ಕೋಪ ಇನ್ನೂ ಪೂರ್ತಿ ಆರಿಲ್ಲ. ಮನಸ್ಸು ತಿಳಿಯಾಗದೆ ಅವನ ಹೊಸ್ತಿಲು ತುಳಿದರೆ ಅದು ನಟನೆಯಾಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಇದೇ ಪ್ರಶ್ನೆಯನ್ನು ಅವನು ಹೋದ ವರ್ಷವೂ ಕೇಳಿದ್ದ. ಅದರ ಹಿಂದಿನ ವರ್ಷವೂ ಕೇಳಿದ್ದ. ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. "ಕೂತುಕೋ" ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನು ನೇಯುತ್ತಿದ್ದ, ಹೆಂಡತಿ ಮನೆಯಲ್ಲೇ ನೂಲಿಗೆ ಬಣ್ಣ ಹಾಕುತ್ತಿದ್ದಳು. ಬೇರು, ತೊಗಟೆ, ಹಣ್ಣಿನ ಸಿಪ್ಪೆಗಳನ್ನು ಕುದಿಸಿ ಬಣ್ಣ ತೆಗೆಯುವುದರಲ್ಲಿ ಅವಳದು ಪಳಗಿದ ಕೈ. ಅವರಿಗೆ ಒಬ್ಬಳೇ ಮಗಳು. ಅವಳನ್ನು ಮೂರು ಹರದಾರಿ ದೂರದ ಊರಿಗೆ ಕೊಟ್ಟಿದ್ದರು. ಅವಳಿಗೆ ಏಳನೆಯ ತಿಂಗಳು ಹತ್ತಿರವಾಯಿತು. ಸೀಮಂತಕ್ಕೆ ಅವ್ವ ಬಣ್ಣ ಹಾಕಿ ಅಪ್ಪ ನೇಯ್ದ ಸೀರೆಯೇ ಬೇಕೆಂದು ಅವಳು ಹೇಳಿಕಳಿಸಿದಳು.

ಆಗ ಹಿತ್ತಲಿನ ಮಾವು ತಾಮ್ರಗೆಂಪಾಗಿ ಚಿಗುರಿತ್ತು. ಮಗಳ ಸೀರೆ ಆ ಚಿಗುರಿನ ಬಣ್ಣದ್ದೇ ಆಗಬೇಕೆಂದು ತಾಯಿ ಹಟ ಹಿಡಿದಳು. ನೂಲನ್ನು ಅಳಲೆಕಾಯಿ ನೀರಿನಲ್ಲಿ ನೆನೆಸಿದಳು. ಮಂಜಿಷ್ಠದ ಬೇರನ್ನು ಕುದಿಸಿ ಅದರಲ್ಲಿ ಅದ್ದಿದಳು. ಒದ್ದೆ ನೂಲಿನ ಪಕ್ಕದಲ್ಲಿ ಚಿಗುರೆಲೆ ಹಿಡಿದು ನೋಡಿದಾಗ ಎರಡೂ ಒಂದೇ ಎನ್ನಿಸಿತು. ಒಣಗಿದ ಮೇಲೆ ನೂಲಿನ ಬಣ್ಣ ಇಳಿಯಿತು. ಅವಳು ಅದನ್ನು ಮೂಲೆಗೆ ಎಸೆದಳು. ನೂಲಿನ ಮತ್ತೊಂದು ಲಡಿಗೆ ದಾಳಿಂಬೆ ಸಿಪ್ಪೆ ಬೆರೆಸಿದಳು. ಅದು ಹಳದಿಗೆ ತಿರುಗಿತು. ಇನ್ನೊಂದನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದಳು. ಅದು ಕಪ್ಪಿಟ್ಟಿತು.

ನೇಕಾರ ಇಪ್ಪತ್ತು ದಿನ ಕಾದ. ಆಮೇಲೆ ಒಂದು ಲಡಿಯನ್ನು ಎತ್ತಿಕೊಂಡು ಬಂದ.

"ಮಗ್ಗ ಖಾಲಿ ಬಿದ್ದಿದೆ. ಇದಕ್ಕೇನಾಗಿದೆ? ಚೆನ್ನಾಗಿಯೇ ಇದೆಯಲ್ಲ."

"ಅದು ಇಟ್ಟಿಗೆ ಬಣ್ಣ. ಚಿಗುರಿನದ್ದಲ್ಲ."

"ಯಾವ ಚಿಗುರಿನದ್ದು? ದಿನಕ್ಕೊಂದು ಎಲೆ ಕಿತ್ತು ತರುತ್ತೀಯ. ನಿನ್ನೆಯದರ ಹಾಗೆ ಇವತ್ತಿನದಿಲ್ಲ. ನಾನು ಯಾವುದನ್ನು ನೇಯಲಿ?"

ಅವಳು ಒಲೆಗೆ ಸೌದೆ ಒಟ್ಟಿದಳು.

ಸೀಮಂತದ ದಿನ ಬಂತು. ಗಂಡಹೆಂಡತಿ ಅಂಗಡಿಯಲ್ಲಿ ಸಿಕ್ಕಿದ ಹಸಿರು ಸೀರೆಯೊಂದನ್ನು ಕೊಂಡುಹೋದರು. ಮಗಳು ಅದನ್ನೇ ಉಟ್ಟಳು. ಬೀಗರ ಮನೆಯ ಹೆಂಗಸರು ಸೆರಗು ಮುಟ್ಟಿ ನೋಡಿ ಮುಖ ಮುಖ ನೋಡಿಕೊಂಡರು.

ಹೆರಿಗೆಗೆ ತವರಿಗೆ ಬಂದಾಗ ಮಗಳು ಹಿತ್ತಲಿಗೆ ಹೋದಳು. ಹಗ್ಗದ ತುಂಬ ನೂಲಿನ ಲಡಿಗಳು ನೇತಾಡುತ್ತಿದ್ದವು. ಕೆಂಪು, ಕಂದು, ತಾಮ್ರದ ಬಣ್ಣ. ಒಂದೊಂದನ್ನೂ ಮುಟ್ಟಿ ನೋಡಿದಳು.

"ಅವ್ವ, ಇಷ್ಟೊಂದಿತ್ತಲ್ಲ. ಒಂದಾದರೂ ಆಗಲಿಲ್ಲವೇ?"

"ಯಾವುದೂ ಸರಿಯಾಗಿ ಕೂಡಿಬರಲಿಲ್ಲ ಮಗಳೇ. ಬರುವ ವರ್ಷ ಚಿಗುರಲಿ, ಹಾಕಿಕೊಡುತ್ತೇನೆ."

"ನಾನು ಕೇಳಿದ್ದು ಸೀರೆ. ಎಲೆ ಬೇಕಿದ್ದರೆ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದೆ" ಎಂದು ಮಗಳು ಒಳಗೆ ಹೋದಳು. ಬಾಣಂತನ ಮುಗಿಯುವವರೆಗೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮರುವರ್ಷ ಚಿಗುರು ಬಂತು. ತಾಯಿ ಮತ್ತೆ ಬೇರು ಕುದಿಸಿದಳು. ಆ ವರ್ಷವೂ ಬಣ್ಣ ಕೂಡಿಬರಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ಮಗು ನಡೆಯಲು ಕಲಿಯಿತು, ಓಡಲು ಕಲಿಯಿತು. ಇಷ್ಟರಲ್ಲಿ ತಾಯಿಯ ಕಣ್ಣಿಗೆ ಪೊರೆ ಬೆಳೆಯಿತು. ಕೆಂಪು ಯಾವುದು, ಕಂದು ಯಾವುದು ತಿಳಿಯದಾಯಿತು. ಒಂದು ದಿನ ಅವಳು ತಡವರಿಸುತ್ತ ಮಗ್ಗದ ಹತ್ತಿರ ಬಂದು, ಕೈಯಲ್ಲಿದ್ದ ಲಡಿಯನ್ನು ಗಂಡನ ಮುಂದೆ ಹಿಡಿದಳು.

"ಈಗ ಬಂದಿದೆಯೇ ನೋಡಿ."

ನೇಕಾರ ನೂಲಿನ ಕಡೆ ನೋಡಲೂ ಇಲ್ಲ. "ಬಂದಿದೆ, ಕೊಡು" ಎಂದ. ಹನ್ನೊಂದು ದಿನದಲ್ಲಿ ಸೀರೆ ನೇಯ್ದ. ಮಗಳು ಅದನ್ನು ಉಟ್ಟು ಬಂದು ಅವ್ವನ ಮುಂದೆ ನಿಂತಳು. ತಾಯಿ ಕೈಯಿಂದ ಸೆರಗನ್ನು ಸವರಿದಳು. ಅವಳಿಗೆ ಕಂಡದ್ದು ಅಷ್ಟೇ.

ಗುರುಗಳು ಪುಸ್ತಕ ತೆರೆದು, ಬಿಟ್ಟಿದ್ದ ಪುಟವನ್ನು ಹುಡುಕತೊಡಗಿದರು.

"ಗುರುಗಳೇ, ಹಾಗಾದರೆ ಆ ತಾಯಿ ಮೊದಲೇ, ಬಣ್ಣ ಸರಿಯಿಲ್ಲದಿದ್ದರೂ..." ಎಂದು ಶಿಷ್ಯ ಶುರುಮಾಡಿದ.

ಗುರುಗಳು ತಲೆ ಎತ್ತದೆ ಕೇಳಿದರು: "ನಿನ್ನ ಅಣ್ಣನಿಗೆ ಈಗ ವಯಸ್ಸೆಷ್ಟು?"