ಕಂಬಳಿಯ ಕೆಳಗಿನ ಕತ್ತಲು

ಚೆನ್ನವೀರನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಒಬ್ಬ ಒಂದು ತಪ್ಪು ಮಾಡಿದ. ಆದರೆ ಆ ಕೆಲಸದಿಂದ ಬಹಳ ಜನರಿಗೆ ಒಳ್ಳೆಯದಾಯಿತು. ಅವನನ್ನು ಯಾರೂ ದೂರಲಿಲ್ಲ. ಆದರೂ ಅವನಿಗೆ ನಾಚಿಕೆ ಹೋಗುತ್ತಿಲ್ಲ. ಆ ನಾಚಿಕೆಯನ್ನು ಅವನು ಏನು ಮಾಡಬೇಕು?"

ಅವನು ಯಾರು ಎಂದು ಗುರುಗಳು ಕೇಳಲಿಲ್ಲ. ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಯುದ್ಧ ನಡೆಯುವ ಕಡೆ ಹೋಗಿ ಪತ್ರಿಕೆಗೆ ಚಿತ್ರ ಕಳುಹಿಸುವುದು ಅವನ ಕೆಲಸ. ಆಗಿನದು ಕ್ಯಾಮೆರಾಕ್ಕೆ ಫಿಲ್ಮ್ ಸುರುಳಿ ಹಾಕುವ ಕಾಲ. ತೆಗೆದ ಚಿತ್ರ ಮೂಡಿದೆಯೋ ಇಲ್ಲವೋ ಎಂಬುದು ತೆಗೆದವನಿಗೂ ತಿಳಿಯುತ್ತಿರಲಿಲ್ಲ. ಸುರುಳಿ ಪಟ್ಟಣ ಸೇರಿ, ಅಲ್ಲಿ ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದ ಮೇಲೆಯೇ ತಿಳಿಯಬೇಕು. ದಾರಿಯಲ್ಲಿ ನೀರು ಬಿದ್ದರೆ ಹಾಳು. ಬಿಸಿಲಿಗೆ ಕಾದರೆ ಹಾಳು. ತೊಳೆಯುವ ಮೊದಲೇ ಬೆಳಕು ಸೋಕಿದರೆ ಮುಗಿಯಿತು, ಎಲ್ಲವೂ ಅಳಿಸಿಹೋಗುತ್ತದೆ. ಅವನು ಗುಂಡಿಗೆ ಹೆದರುವಷ್ಟೇ ಬೆಳಕಿಗೂ ಹೆದರುತ್ತಿದ್ದ.

ಗಡಿಯಲ್ಲಿ ಒಂದು ನದಿ. ಆಚೆ ದಡದಲ್ಲಿ ಶತ್ರು ಸೈನಿಕರಲ್ಲದೆ ಬೇರೆ ಯಾರೂ ಇಲ್ಲ ಎಂದು ಸರ್ಕಾರ ಹೇಳುತ್ತಿತ್ತು. ಹಗಲೆಲ್ಲ ಆ ದಡದ ಮೇಲೆ ಫಿರಂಗಿ ಗುಂಡುಗಳು ಬೀಳುತ್ತಿದ್ದವು. ಛಾಯಾಗ್ರಾಹಕ ಈಚೆ ದಡದ ಠಾಣೆಗೆ ಬಂದು ನೋಡಿದಾಗ, ಆಚೆ ಹೆಂಗಸರು, ಮುದುಕರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ನೀರಿಗಿಳಿಯಲು ದಾರಿ ಹುಡುಕುತ್ತಿದ್ದರು. ಅವನು ಮಣ್ಣಿನ ಗೋಡೆಯ ಹಿಂದಿನ ಕಂದಕದಲ್ಲಿ ನಿಂತು ಸುರುಳಿ ತೀರುವವರೆಗೂ ಚಿತ್ರ ತೆಗೆದ.

ತೆಗೆಯುವ ಆತುರದಲ್ಲಿ, ಸುರುಳಿ ಮುಗಿದ ಮೇಲೂ ಕ್ಯಾಮೆರಾದ ತಿರುಪನ್ನು ಬಲವಾಗಿ ತಿರುಗಿಸಿದ. ಫಿಲ್ಮಿನ ತುದಿ ಸುರುಳಿಯ ಒಳಗಿನಿಂದ ಕಿತ್ತುಬಂದಿತು. ಇನ್ನು ಅದನ್ನು ಹಿಂದಕ್ಕೆ ಸುತ್ತಲಾಗದು. ಪೂರ್ತಿ ಕತ್ತಲಲ್ಲಿ ಕ್ಯಾಮೆರಾ ಬಿಚ್ಚಿ, ಕೈಯಿಂದಲೇ ಸುತ್ತಿ ಡಬ್ಬಿಯಲ್ಲಿ ಇಡಬೇಕು. ಇಂಥ ಹೊತ್ತಿಗೆಂದು ಇಟ್ಟುಕೊಂಡಿದ್ದ ಕಪ್ಪು ಚೀಲ ಬರುವ ದಾರಿಯಲ್ಲಿ ಕಳೆದುಹೋಗಿತ್ತು. ಪಟ್ಟಣಕ್ಕೆ ಹೋಗುವ ಲಾರಿ ಹೊರಡಲು ಸಿದ್ಧವಾಗಿ ನಿಂತಿತ್ತು. ಕ್ಯಾಮೆರಾವನ್ನೇ ಕೊಟ್ಟು ಕಳುಹಿಸಬಹುದಾಗಿತ್ತು. ಆದರೆ ಅದನ್ನು ಕೈಬಿಡಲು ಅವನಿಗೆ ಮನಸ್ಸು ಬರಲಿಲ್ಲ.

ಪಕ್ಕದಲ್ಲಿ ಒಬ್ಬ ಯೋಧನಿದ್ದ. ಇವನ ಪೇಚಾಟ ನೋಡಿ ಏನಾಯಿತೆಂದು ಕೇಳಿದ. ತಿಳಿದ ಮೇಲೆ ತನ್ನ ಕಂಬಳಿ ತಂದ. ಕಂದಕದಲ್ಲಿ ಕಂಬಳಿ ಹರಡಲು ಜಾಗ ಸಾಲದು. ಹಾಗಾಗಿ ಇಬ್ಬರೂ ಮೇಲೆ ಬಂದು ಗೋಡೆಯ ಬದಿಯಲ್ಲಿ ಕುಳಿತರು. ಛಾಯಾಗ್ರಾಹಕ ಕ್ಯಾಮೆರಾ ಹಿಡಿದು ಮುದುರಿಕೊಂಡ. ಯೋಧ ಕಂಬಳಿಯನ್ನು ಮಡಿಸಿ ಅವನ ಮೇಲೆ ಹೊದಿಸಿ, ಅಂಚುಗಳನ್ನು ಕೈಯಿಂದಲೂ ಮೊಣಕಾಲಿನಿಂದಲೂ ನೆಲಕ್ಕೆ ಒತ್ತಿ ಹಿಡಿದ. ಆಚೆ ಬದಿಯ ಅಂಚು ಒತ್ತಬೇಕಾದರೆ ಅವನು ಗೋಡೆಯ ಮರೆಯಿಂದ ಸರಿಯಬೇಕಾಗಿತ್ತು. ಸರಿದ.

ಕಂಬಳಿಯೊಳಗೆ ಛಾಯಾಗ್ರಾಹಕ ಕ್ಯಾಮೆರಾ ಬಿಚ್ಚಿದ. ಫಿಲ್ಮನ್ನು ಬೆರಳಿನಿಂದ ತಡಕಿ ಸುತ್ತತೊಡಗಿದ. ಆಚೆ ದಡದಿಂದ ಗುಂಡು ಹಾರಿದ ಸದ್ದಾಯಿತು. ಕಂಬಳಿಯ ಒಂದು ಅಂಚು ಸಡಿಲಿ ಬೆಳಕಿನ ಗೆರೆ ಕಂಡಿತು. ಅವನು ಮೈಯನ್ನೇ ಅಡ್ಡ ಕೊಟ್ಟು, ಬೆಳಕು ಬರುತ್ತಿದೆ, ಒತ್ತಿ ಹಿಡಿಯಿರಿ ಎಂದ. ಅಂಚು ಮತ್ತೆ ನೆಲಕ್ಕೆ ಕೂತಿತು. ಆಮೇಲೆ ಕಂಬಳಿಯ ಮೂಲಕ ಏನೋ ಬೆಚ್ಚಗೆ ಒಸರಿ ಅವನ ಕುತ್ತಿಗೆಗೆ ತಾಗಿತು.

"ಆಯ್ತಾ ಸರ್?" ಎಂದು ಯೋಧ ಕೇಳಿದ. ದನಿ ಮೊದಲಿನಂತಿರಲಿಲ್ಲ.

"ಇನ್ನೊಂದು ಚೂರು" ಎಂದ ಛಾಯಾಗ್ರಾಹಕ.

ಅವನು ಸುತ್ತಿ ಮುಗಿಸಿದ. ಡಬ್ಬಿಯ ಮುಚ್ಚಳ ಹಾಕಿದ. ಅದು ಬಿಗಿಯಾಗಿದೆಯೇ ಎಂದು ನೋಡಿಕೊಂಡ. ಆಮೇಲೆ ಕಂಬಳಿ ಸರಿಸಿದ. ಕೈಯಲ್ಲಿ ಬಲವಿಲ್ಲದ ಯೋಧ ಅಂಚಿನ ಮೇಲೆ ಮೈಚೆಲ್ಲಿ, ತನ್ನ ಭಾರದಿಂದಲೇ ಅದನ್ನು ಒತ್ತಿಹಿಡಿದಿದ್ದ. ಗುಂಡು ತೊಡೆಗೆ ತಗುಲಿತ್ತು. ಹೊತ್ತು ಒಯ್ಯುವ ದಾರಿಯಲ್ಲೇ ಅವನ ಪ್ರಾಣ ಹೋಯಿತು. ಗುಂಡು ಬಿದ್ದ ಕೂಡಲೇ ತೊಡೆಯನ್ನು ಬಿಗಿದು ಕಟ್ಟಿದ್ದರೆ ಉಳಿಯುತ್ತಿದ್ದ ಎಂದು ವೈದ್ಯರು ಹೇಳಿದರು. ಛಾಯಾಗ್ರಾಹಕ ತಲೆ ತಗ್ಗಿಸಿ, ಗುಂಡಿನ ಸದ್ದಿನಲ್ಲಿ ನನಗೆ ತಿಳಿಯಲೇ ಇಲ್ಲ ಎಂದ. ಎಲ್ಲರೂ ನಂಬಿದರು. ಯೋಧನ ಹೆಸರು ದ್ಯಾಮಣ್ಣ ಎಂಬುದು ಅವನಿಗೆ ಗೊತ್ತಾದದ್ದೂ ಆಗಲೇ.

ಚಿತ್ರಗಳು ಮೂಡಿದ್ದವು. ಪತ್ರಿಕೆಯಲ್ಲಿ ಬಂದವು. ಆಚೆ ದಡದಲ್ಲಿ ಜನರೇ ಇಲ್ಲ ಎನ್ನಲು ಇನ್ನು ಯಾರಿಗೂ ಆಗಲಿಲ್ಲ. ಫಿರಂಗಿಗಳು ನಿಂತವು. ದೋಣಿಗಳು ಹೋದವು. ಸಾವಿರಾರು ಜನ ಜೀವಂತವಾಗಿ ಈಚೆ ಬಂದರು.

ಛಾಯಾಗ್ರಾಹಕನಿಗೆ ಸನ್ಮಾನವಾಯಿತು. ಸಭೆಯಲ್ಲಿ ಅವನು ಯೋಧನ ತ್ಯಾಗವನ್ನು ವರ್ಣಿಸಿದ. ತನಗೆ ತಿಳಿಯಲೇ ಇಲ್ಲ ಎಂಬ ಮಾತನ್ನು ಅಲ್ಲಿಯೂ ಹೇಳಿದ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಹೊದಿಸಿದ ಶಾಲು ಕುತ್ತಿಗೆಗೆ ತಾಗಿದಾಗ ಅವನು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮನೆಗೆ ಹೋದವನು ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿದ.

ಪರಿಚಯದವರು ಸಮಾಧಾನ ಹೇಳಿದರು. ಒಂದು ಜೀವ ಹೋಗಿ ಎಷ್ಟು ಜೀವ ಉಳಿಯಿತು ನೋಡು ಎಂದರು. ಅವನು ಆ ಮಾತನ್ನು ಕೆಲವು ಕಾಲ ಹಿಡಿದುಕೊಂಡು ಬಾಳಿದ. ಆದರೆ ಚಿತ್ರ ತೊಳೆಯಲು ಕತ್ತಲೆ ಕೋಣೆಗೆ ಹೋದರೆ ಕೈ ಆಡುತ್ತಿರಲಿಲ್ಲ. ಕೊನೆಗೆ ದ್ಯಾಮಣ್ಣನ ಊರಿಗೆ ಹೊರಟ.

ಮನೆಯಲ್ಲಿ ಯೋಧನ ತಾಯಿ ಮತ್ತು ಹೆಂಡತಿ ಇದ್ದರು. ನದಿಯ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಮಗನ ಜೊತೆ ಕೊನೆಯವರೆಗೂ ಇದ್ದವರು ಎಂದು ತಾಯಿ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ರೊಟ್ಟಿ ಬಡಿಯುತ್ತೇನೆಂದು ಒಳಗೆ ಹೋದಳು.

ಹೆಂಡತಿ ಗೋಡೆಗೆ ಒರಗಿ ನಿಂತು, "ಕೊನೆಗೆ ಏನಾದರೂ ಅಂದರೇ ಅಣ್ಣಾ?" ಎಂದು ಕೇಳಿದಳು.

"'ಆಯ್ತಾ ಸರ್' ಅಂದರು."

"ನೀವು ಏನಂದಿರಿ?"

"'ಇನ್ನೊಂದು ಚೂರು' ಅಂದೆ. ಅವರಿಗೆ ಗುಂಡು ತಾಗಿದ್ದು ಆಗ ನನಗೆ ಗೊತ್ತಿತ್ತು, ತಂಗಿ. ಗೊತ್ತಿದ್ದೇ ಅಂದೆ."

ಅವಳು ಒಳಬಾಗಿಲ ಕಡೆ ನೋಡಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಉಣ್ಣದೆ ಹೋದರೆ ಅತ್ತೆ ಯಾಕೆಂದು ಕೇಳುತ್ತಾರೆ" ಎಂದಳು. "ಉಂಡು ಹೋಗಿ. ಮತ್ತೆ ಬರಬೇಡಿ."

ಅವನು ಉಂಡ. ತಾಯಿ ಎದುರಿಗೆ ಕುಳಿತು, ಮಗನಿಗೆ ಇಷ್ಟವಾಗಿತ್ತೆಂದು ಎಣ್ಣೆಗಾಯಿ ಬಡಿಸಿದಳು. ಸಂಕೋಚ ಬೇಡ ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅವನು ಅದನ್ನೂ ಉಂಡ. ಹೆಂಡತಿ ಬಾಗಿಲಲ್ಲಿ ನಿಂತು, ಅವನು ಕೈ ತೊಳೆಯುವವರೆಗೂ ನೋಡುತ್ತಿದ್ದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಆಗ ಚೆನ್ನವೀರ, "ಅಷ್ಟಾದ ಮೇಲಾದರೂ ಅವನ ನಾಚಿಕೆ ಹೋಯಿತೇ ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು: "ಚೆನ್ನವೀರಾ, ನೀನು ಇನ್ನೂ ಹೋಗದೆ ಇರುವ ಮನೆ ಯಾರದು?"